ಗಾಳಿ ಮೇಡಂ ಕಟ್ಟಿಸಿದ ಅಂಗಡಿ

ತಿಪಟೂರಿನಲ್ಲಿ ಮಧುಶ್ರೀಯನ್ನು ಜನ ಗಾಳಿ ಮೇಡಂ ಎಂದೇ ಕರೆಯುತ್ತಾರೆ. ಬೇಕರಿಯ ಮೇಲಿನ ಕೋಣೆಯಲ್ಲಿ ಕೂತು ಕಟ್ಟಡಗಳ ಪ್ಲಾನು ಬರೆಯುವ ಈಕೆಗೆ ಮೊದಲು ಗಾಳಿ, ಆಮೇಲೆ ಗೋಡೆ. ಆಡುವುದೆಲ್ಲ ಗಾಳಿಯ ಮಾತೇ, ಆದರೆ ಗಾಳಿಮಾತಲ್ಲ.

ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯ ಕಿಬ್ಬನಹಳ್ಳಿಯಲ್ಲಿ ಸೂಪರ್ ಮಾರ್ಕೆಟ್ ಕಟ್ಟಿಸಲು ಹೊರಟಾಗ ಮುಂದೆಲ್ಲ ಗಾಜು, ಒಳಗೆಲ್ಲ ಏಸಿ ಎಂದು ತೀರ್ಮಾನಿಸಿಯಾಗಿತ್ತು. ಬಿಸಿಲನ್ನು ಗಾಜಿನಿಂದ ಒಳಗೆ ಕರೆದು, ಆಮೇಲೆ ಎಲ್ಲೋ ಕಲ್ಲಿದ್ದಲು ಸುಟ್ಟು ತಂದ ಕರೆಂಟಿನಿಂದ ಹೊರದಬ್ಬುವುದು ಯಾವ ಮರ್ಯಾದೆ ಎಂದು ಮಧುಶ್ರೀ ಕೇಳಿದಳು. ಅವಳ ಪ್ಲಾನಿನಲ್ಲಿ ಸಿಮೆಂಟು ಕಡಿಮೆ. ಗೋಡೆಗೆ ಇಲ್ಲಿಯದೇ ಮಣ್ಣಿನ ಇಟ್ಟಿಗೆ, ಬೆಳಕು ಉತ್ತರದಿಂದ, ಫ್ರಿಜ್ಜುಗಳಿಗೆಲ್ಲ ಮುಚ್ಚುವ ಬಾಗಿಲು. ತಾರಸಿಯ ಮೇಲೆ ಹೆಂಚಿನ ಇನ್ನೊಂದು ಸೂರು. ನಡುವಿನ ಜಾಗದಲ್ಲಿ ಗಾಳಿ ಆಡಿ ಬಿಸಿಯನ್ನು ಹೊತ್ತೊಯ್ಯಬೇಕು.

"ಆಯ್ತು ಕಣಮ್ಮ, ನೀನಂದಂಗೇ ಆಗ್ಲಿ. ಒಳಗೆ ಸೆಕೆ ಅನ್ನಿಸ್ತೋ, ಏಸಿ ಬಂತು ಅಂತ್ಲೇ ತಿಳ್ಕೊ," ಎಂದರು ಗಂಗಾಧರಯ್ಯ.

ಮನೆಗಳನ್ನು ಬಿಟ್ಟರೆ ಮಧುಶ್ರೀ ಕೈ ಹಾಕಿದ ಮೊದಲ ದೊಡ್ಡ ಕಟ್ಟಡ ಇದು. ಇದು ಕೆಟ್ಟರೆ ಸುತ್ತಮುತ್ತ ಯಾರೂ ಅವಳ ಗಾಳಿಯನ್ನು ನಂಬುವಂತಿಲ್ಲ.

ಅಂಗಡಿ ತೆರೆಯುವ ಮುನ್ನ ಫ್ರಿಜ್ಜುಗಳನ್ನೆಲ್ಲ ಓಡಿಸಿ ನೋಡಿದರೆ ಒಳಗೆ ಇಡ್ಲಿ ಬೇಯುವಂಥ ಸೆಕೆ. ಗಂಗಾಧರಯ್ಯ ಬೆವರೊರೆಸಿಕೊಂಡು ಏಸಿಯವನಿಗೆ ಫೋನು ಹಚ್ಚಿದರು. ಮಧುಶ್ರೀ ಕಿಟಕಿ ನೋಡಿದಳು, ಬಾಗಿಲು ನೋಡಿದಳು, ಕೊನೆಗೆ ಏಣಿ ಹತ್ತಿ ಸೂರಿನ ಕೆಳಗೆ ಇಣುಕಿದಳು. ಗಾಳಿಗೆಂದು ಬಿಟ್ಟ ಜಾಗದಲ್ಲಿ, ಗಾಳಿಕಿಂಡಿಗಳೂ ಮುಚ್ಚಿಹೋಗುವಂತೆ, ತೆಂಗಿನಕಾಯಿ ಒಟ್ಟಿದ್ದರು.

"ಯಜಮಾನ್ರೇ, ಇದೇನ್ರೀ ಇದು?"

"ಕಾಯಿ ಕಣಮ್ಮ."

"ಕಾಯಿ ಅಂತ ನಂಗೂ ಕಾಣುತ್ತೆ. ಇಲ್ಯಾಕೆ ತುಂಬಿಸಿದ್ರಿ?"

"ಅಷ್ಟಗಲ ಅಟ್ಟ ಖಾಲಿ ಬುಟ್ರೆ ನೆಂಟ್ರಿಷ್ಟ್ರು ಉಗಿಯಾಕಿಲ್ವಾ?"

"ಅದು ಅಟ್ಟ ಅಲ್ರೀ!"

"ಸೂರಿನ ಕೆಳಗೈತೆ, ಹತ್ತಾಕೆ ಏಣಿ ಐತೆ. ಅಟ್ಟ ಅಲ್ದೆ ಇನ್ನೇನು, ದೇವ್ರ ಮನೆಯಾ?"

ಮಧುಶ್ರೀಗೆ ನಗು ಬಂತು. ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಒಣಗಿಸಿ ಕೊಬ್ಬರಿ ಮಾಡುವ ಸೀಮೆಯಲ್ಲಿ ಖಾಲಿ ಜಾಗ ಬರೆದು, ಅದು ಖಾಲಿಯೇ ಉಳಿದೀತೆಂದು ನಂಬಿದ್ದಳಲ್ಲ! ಇಳಿಸಿ ಎಂದರೆ ಈ ಮನುಷ್ಯ ಏಸಿ ಹಾಕಿಸಿಯಾರೇ ಹೊರತು ಕಾಯಿ ಇಳಿಸುವವರಲ್ಲ.

ಯೋಚಿಸುತ್ತ ಏಣಿ ಇಳಿದು, ಅಂಗಡಿಯ ಹಿಂದೆ ಹೊರಗೆ ಬಂದು ನಿಂತಳು. ಫ್ರಿಜ್ಜುಗಳ ಯಂತ್ರಗಳು ಬಿಸಿಗಾಳಿಯನ್ನೆಲ್ಲ ಅಲ್ಲಿಗೆ ಉಗುಳುತ್ತಿದ್ದವು. ಮಳೆಗಾಲದಲ್ಲಿ ಅಮ್ಮ ಅಟ್ಟದ ಕೆಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕಿ ಕಾಯಿ ಒಣಗಿಸುತ್ತಿದ್ದುದು ನೆನಪಾಯಿತು.

"ಯಜಮಾನ್ರೇ, ಬನ್ನಿ ಇಲ್ಲಿ. ಈ ಬಿಸಿಗಾಳಿ ಮೇಲೆ ಒಂದು ಅಟ್ಟ ಹಾಕ್ಕೊಡ್ತೀನಿ, ಸಂದು ಬಿಟ್ಟು ಅಡಿಕೆ ದಬ್ಬೆ ಹಾಸಿ. ಮಳೆ ಹಿಡಿದ್ರೂ ಕಾಯಿ ಒಣಗುತ್ತೆ."

ಗಂಗಾಧರಯ್ಯ ಯಂತ್ರದ ಮುಂದೆ ಅಂಗೈ ಹಿಡಿದು, ಚಳಿ ಕಾಯಿಸುವವರಂತೆ ಅತ್ತಿತ್ತ ತಿರುಗಿಸಿದರು.

"ಕೊಬ್ರಿಗೆ ಹೊಗೆ ವಾಸ್ನೆ ಹಿಡಿಯಾಕಿಲ್ಲ, ಅಲ್ವಾ?"

"ಬೆಂಕೀನೇ ಇಲ್ಲ, ಹೊಗೆ ಎಲ್ಲಿಂದ ಬರ್ಬೇಕು?"

"ಇದನ್ನ ಮೊದ್ಲೇ ಹೇಳಾಕೇನಾಗಿತ್ತಮ್ಮ ನಿಂಗೆ?"

ಹಿಂದೆ ಅಟ್ಟ ಎದ್ದಿತು. ಕಾಯಿ ಜಾಗ ಬದಲಿಸಿತು. ಕಿಂಡಿಗಳಲ್ಲಿ ಗಾಳಿ ಓಡಾಡತೊಡಗಿ ಅಂಗಡಿಯೊಳಗೆ ತೋಟದ ನೆರಳಿನಷ್ಟು ತಂಪಾಯಿತು. ಅಳತೆ ತೆಗೆಯಲು ಬಂದ ಏಸಿಯವನನ್ನು ಗಂಗಾಧರಯ್ಯ ನೇರ ಹಿಂದಕ್ಕೆ ಕರೆದೊಯ್ದು ಅಟ್ಟ ತೋರಿಸಿದರು. ಎಳನೀರು ಕೊಟ್ಟು, "ಬಂದದ್ದು ಬಂದೆ, ಒಂದ್ ಗಳಿಗೆ ಒಳಗೆ ತಂಪಲ್ಲಿ ಕೂತು ಹೋಗಪ್ಪ," ಎಂದರು.