ಬ್ರೆಡ್ ಮುಟ್ಟದ ನೆವಿಲ್

ಟ್ರಯಬನ್ನಾ ಬಂದರಿನಲ್ಲಿ ಕಥೆ ಪುಸ್ತಕಗಳ ಖಳರನ್ನು ನೆವಿಲ್ ಪ್ರೌಸ್‌ನಷ್ಟು ಬಾಯಿ ತುಂಬ ಬೈಯುವವರು ಇನ್ನೊಬ್ಬರಿರಲಿಲ್ಲ. ನಲವತ್ತು ವರ್ಷ ಲಾಬ್‌ಸ್ಟರ್ ಸಿಗಡಿ ಹಿಡಿದು ದೋಣಿ ಮಾರಿದ ಮೇಲೆ ಅವನಿಗೆ ಉಳಿದದ್ದು ಗುರುವಾರ ಮಧ್ಯಾಹ್ನದ ಓದುಗರ ಕೂಟವೊಂದೇ. ಗ್ರಂಥಾಲಯದ ಫ್ರಾನ್ ಚಹಾ ಮಾಡುತ್ತಿದ್ದಳು, ಐಲೀನ್ ಸ್ಯಾಂಡ್‌ವಿಚ್ ತರುತ್ತಿದ್ದಳು. ಐಲೀನ್‌ಳ ಗಂಡ ಕ್ಲೈವ್ ನೆವಿಲ್‌ನ ದೋಣಿಯಲ್ಲಿದ್ದವನು. ಇಪ್ಪತ್ತಾರು ವರ್ಷದ ಹಿಂದೆ ಸಿಗಡಿ ಹಿಡಿಯುವ ಬೋನನ್ನು ನೀರಿಗೆ ಇಳಿಸುವಾಗ ಹಗ್ಗ ಕಾಲಿಗೆ ಸುತ್ತಿಕೊಂಡು ಸಮುದ್ರದ ಪಾಲಾಗಿದ್ದ. ಅವಳ ತಟ್ಟೆ ಎದುರಿಗೆ ಬಂದಾಗಲೆಲ್ಲ ನೆವಿಲ್, "ಡಾಕ್ಟ್ರು ಬ್ರೆಡ್ ಬೇಡ ಅಂದಿದಾರೆ" ಅನ್ನುತ್ತಿದ್ದ. ಯಾವ ಡಾಕ್ಟರೂ ಹಾಗೆ ಅಂದಿರಲಿಲ್ಲ.

ಆ ಗುರುವಾರ ತಿಮಿಂಗಿಲ ಬೇಟೆಯ ಹಳೆಯ ಕಾದಂಬರಿಯೊಂದರ ಸರದಿ. ಬಿರುಗಾಳಿಯ ಅಧ್ಯಾಯ ಓದಿ, ಬರೆದವನು ಸಮುದ್ರದ ಉಪ್ಪು ತಿಂದವನೇ ಎಂದು ನೆವಿಲ್ ಒಪ್ಪಿದ್ದ. ಆಮೇಲೆ ಕಾದಂಬರಿಯ ಖಳ ಗಾರ್ವಿನ್ ಬಂದ. ಹಗ್ಗ ಕಡಿಯಲೆಂದೇ ದೋಣಿಯ ಮೂತಿಯಲ್ಲಿಟ್ಟ ಕೊಡಲಿಯನ್ನು ಹಗೆಯಿಂದ ಬಚ್ಚಿಡುವವನು. ಹಗ್ಗಕ್ಕೆ ಸಿಕ್ಕಿಬಿದ್ದ ನಾವಿಕನನ್ನು ತಿಮಿಂಗಿಲ ಆಳಕ್ಕೆ ಎಳೆದೊಯ್ಯುತ್ತದೆ. ಅಲ್ಲಿಂದ ಮುಂದೆ ನೆವಿಲ್‌ಗೆ ಪುಸ್ತಕ ಓದಲಾಗಲಿಲ್ಲ.

"ಏನ್ ನೆವ್, ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯ?" ಎಂದು ಫ್ರಾನ್ ಕೆಣಕಿದಳು. "ಇಂಥಾ ರಾಕ್ಷಸ ಸಿಕ್ಕಿದಾನೆ, ಬೈಯಪ್ಪ!"

"ರಾಕ್ಷಸನೂ ಇಲ್ಲ, ಏನೂ ಇಲ್ಲ," ಎಂದಳು ಐಲೀನ್. "ಅಷ್ಟು ಕೆಟ್ಟೋನು ಯಾವ ದೋಣೀಲಿರ್ತಾನೆ ಹೇಳಿ? ಕೊಡಲಿ ಯಾತಕ್ಕೋ ತಗೊಂಡಿರ್ತಾನೆ, ವಾಪಸ್ ಇಡೋಕೆ ಮರ್ತಿರ್ತಾನೆ. ಬರೆದೋನಿಗೆ ಮರೆವು ಸಾಲ್ದೆ ಹೋಯ್ತು, ಅದಕ್ಕೆ ದ್ವೇಷ ತಂದು ತುರುಕಿದ."

ಲಾಬ್‌ಸ್ಟರ್ ದೋಣಿಗಳಲ್ಲಿ ಹಗ್ಗ ಸೇದುವ ಯಂತ್ರದ ಪಕ್ಕ, ಯಾರಾದರೂ ಹಗ್ಗಕ್ಕೆ ಸಿಕ್ಕಿಕೊಂಡರೆ ಕಡಿಯಲೆಂದು ಒರೆಯಲ್ಲಿ ಒಂದು ಚಾಕು ಇರುತ್ತದೆ. ಬೇರೆ ಕೆಲಸಕ್ಕೆ ಅದನ್ನು ಯಾರೂ ಮುಟ್ಟುವಂತಿಲ್ಲ. ಕ್ಲೈವ್ ಹೋದ ದಿನ ಮಧ್ಯಾಹ್ನ ನೆವಿಲ್ ಮುಟ್ಟಿದ್ದ. ಕ್ಲೈವ್ "ಚಾಕು!" ಎಂದು ಕೂಗಿದಾಗ ನೆವಿಲ್ ಕೈಗೆ ಸಿಕ್ಕಿದ್ದು ಖಾಲಿ ಒರೆ. ವಿಚಾರಣೆಯಲ್ಲಿ ಮಾತ್ರ, ಹಗ್ಗ ಕಡಿಯಲು ಹೊತ್ತೇ ಸಿಗಲಿಲ್ಲ ಎಂದುಬಿಟ್ಟ. ಅದನ್ನು ನಂಬಿ, ಅವನ ತಲೆ ಸವರಿ ಸಮಾಧಾನ ಹೇಳಿದವಳು ಐಲೀನ್.

"ಬ್ರೆಡ್ ಕೊಯ್ಯೋಕೆ," ಎಂದ.

"ಏನು?"

"ಚಾಕು ಒರೇಲಿರ್ಲಿಲ್ಲ ಐಲೀನ್. ಬ್ರೆಡ್ ಕೊಯ್ಯೋಕೆ ನಾನೇ ತಗೊಂಡಿದ್ದೆ. ಕ್ಯಾಬಿನ್ ಒಳಗೇ ಬಿಟ್ಟು ಬಂದಿದ್ದೆ. ಹೊತ್ತಿತ್ತು. ಕಡೀಬಹುದಾಗಿತ್ತು."

ಐಲೀನ್ ಬೈಯಲಿ ಎಂದು ನೆವಿಲ್ ಕಾದ. ಇಪ್ಪತ್ತಾರು ವರ್ಷದಿಂದ ಕಾದದ್ದು ಅದಕ್ಕೇ. ಅವಳು ಬೈಯಲಿಲ್ಲ.

"ನಾನು ಕಟ್ಟಿಕೊಟ್ಟಿದ್ದ ಬ್ರೆಡ್ಡಾ?"

ಅವನು ಹೌದೆಂದು ತಲೆಯಾಡಿಸಿದ.

"ದಿನಾ ಕೊಯ್ದು, ಬೆಣ್ಣೆ ಹಚ್ಚೇ ಕಳಿಸ್ತಿದ್ದೆ," ಎಂದಳು ಐಲೀನ್ ಮೆಲ್ಲಗೆ. "ಅವತ್ತು ಕ್ಲೈವ್ ಜೊತೆ ಜಗಳ ಆಗಿತ್ತು. ಹಾಗೇ ಇಡೀ ಬ್ರೆಡ್ಡು ಚೀಲಕ್ಕೆ ಎಸೆದಿದ್ದೆ."

"ಅಯ್ಯೋ, ಅದಲ್ಲ ಐಲೀನ್, ನಿಂದೇನೂ ತಪ್ಪಿಲ್ಲ," ಎಂದು ನೆವಿಲ್ ಎದ್ದೇ ಬಿಟ್ಟ.

ಅವಳಿಗೆ ಕೇಳಿಸಲಿಲ್ಲ. ತಾನೇ ಒಪ್ಪವಾಗಿ ಕೊಯ್ದು ತಂದಿದ್ದ ಸ್ಯಾಂಡ್‌ವಿಚ್ಚುಗಳನ್ನು ನೋಡುತ್ತ ಕೂತಿದ್ದಳು.