ನಮ್ಮ ಹುಡುಗಿಗೆ ಸಹಿ ಯಾಕೆ?

ಕೋವಿಡ್ ಕಳೆದು ಕಾಲೇಜುಗಳು ಮತ್ತೆ ತುಂಬತೊಡಗಿದ ವರ್ಷ. ಪಶ್ಚಿಮ ಸಿಡ್ನಿಯ ಕಾಲೇಜೊಂದರಲ್ಲಿ ನಾನು ಪ್ಲೇಸ್‌ಮೆಂಟ್ ಕೋಆರ್ಡಿನೇಟರ್ ಆಗಿದ್ದೆ. ಸೈಬರ್ ಸೆಕ್ಯುರಿಟಿ ಓದುವವರನ್ನು ಕಂಪನಿಗಳ ಬಾಗಿಲಿಗೆ ಮುಟ್ಟಿಸುವುದು ನನ್ನ ಕೆಲಸ. ಕಂಪನಿಗಳದ್ದು ಒಂದೇ ರಾಗ: "ಲೋಕಲ್ ಎಕ್ಸ್‌ಪೀರಿಯೆನ್ಸ್ ಎಲ್ಲಿದೆ?" ಯಾರೂ ಕೆಲಸ ಕೊಡದಿದ್ದರೆ ಮಕ್ಕಳು ಅನುಭವ ಎಲ್ಲಿಂದ ತರಬೇಕು? ಕೇಳಿ ಕೇಳಿ ರೇಗಿಹೋಗಿತ್ತು. ಕೊನೆಗೆ ಒಂದು ದಾರಿ ಹುಡುಕಿದೆವು. ಊರಿನ ಸಂಘ, ಕ್ಲಬ್, ಭಾನುವಾರದ ಭಾಷಾ ಶಾಲೆಗಳ ಕಂಪ್ಯೂಟರ್ ಭದ್ರತೆಯನ್ನು ವಿದ್ಯಾರ್ಥಿಗಳು ಎಂಟು ವಾರ ಪರೀಕ್ಷಿಸಿ ಸರಿಪಡಿಸುವುದು, ಆಮೇಲೆ ಆ ವರದಿಯನ್ನು ಒಂದು ಕಂಪನಿಯ ಮುಂದೆ ಮಂಡಿಸುವುದು.

ಬೆಳಗಾವಿಯ ಸಹನಾ ಆ ಬ್ಯಾಚಿನವಳು. ವೀಸಾದಲ್ಲಿ ಐದೇ ತಿಂಗಳು ಉಳಿದಿತ್ತು. ಅಷ್ಟರೊಳಗೆ ಕೆಲಸ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ಅವಳಿಗೆ ಸಿಡ್ನಿಯದೇ ಪೆಂಡಲ್ ಹಿಲ್‌ನಲ್ಲಿ ನಡೆಯುವ ಕನ್ನಡ ಶಾಲೆಯನ್ನು ಒಪ್ಪಿಸಿದೆ. ಅಧ್ಯಕ್ಷರು ಮೈಸೂರಿನ ಶ್ರೀನಿವಾಸ್ ಅಂಕಲ್. ಅವರ ಮಗಳು ರಶ್ಮಿ ಇರುವುದು ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ. ಅವಳ ಕಂಪನಿಯಲ್ಲಿ ಒಂದು ಜೂನಿಯರ್ ಹುದ್ದೆ ಖಾಲಿಯಿತ್ತು. ರಶ್ಮಿಯ ಮಾತಿನ ಮೇಲೆ ಅಲ್ಲಿನ ಸೆಕ್ಯುರಿಟಿ ಮ್ಯಾನೇಜರ್ ಹೆಲೆನ್, ಸಹನಾಳ ವರದಿ ನೋಡಲು ಒಪ್ಪಿದ್ದರು.

ನಮ್ಮ ವೃತ್ತಿಯ ಮೊದಲ ನಿಯಮ ಲಿಖಿತ ಒಪ್ಪಿಗೆ. ಯಾರನ್ನು, ಯಾವಾಗ, ಹೇಗೆ ಪರೀಕ್ಷಿಸುತ್ತೇವೆ ಎಂದು ಬರೆದು ಸಹಿ ಹಾಕಿಸಿಕೊಳ್ಳಬೇಕು. ಸಹಿ ಇಲ್ಲದಿದ್ದರೆ ಪರೀಕ್ಷೆಗೂ ಕಳ್ಳತನಕ್ಕೂ ಹೊರಗಿನವರ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಪ್ರತಿ ಬ್ಯಾಚಿಗೂ ಇದನ್ನು ಮೇಜು ಕುಟ್ಟಿ ಹೇಳುತ್ತಿದ್ದವಳು ನಾನೇ. ಆದರೆ ಕಾಗದ ಮುಂದೆ ಹಿಡಿದಾಗ ಅಂಕಲ್ ನಕ್ಕುಬಿಟ್ಟರು.

"ಏನಮ್ಮಾ, ನಮ್ಮ ಹುಡುಗಿ ಸ್ಕೂಲಿಗೆ ಒಳ್ಳೇದು ಮಾಡ್ತೀನಿ ಅಂದ್ರೆ ನಾನು ಸೈನ್ ಹಾಕ್ಬೇಕಾ? ಮಾಡ್ಕೊಳ್ಳಿ ಹೋಗಿ. ಮೊದ್ಲು ಕಾಫಿ ಕುಡೀರಿ."

ಒತ್ತಾಯಿಸಿದರೆ ಹಿರಿಯರನ್ನು ಅವಮಾನಿಸಿದ ಹಾಗಾಗುತ್ತದೆ ಎಂಬ ಸಂಕೋಚ. ಕಾಗದ ಮಡಚಿ ಬ್ಯಾಗಿಗೆ ಹಾಕಿ ಕಾಫಿ ಕುಡಿದೆ. ಹೊರಗೆ ಬಂದ ಮೇಲೆ ಸಹನಾ ಕೇಳಿದಳು, "ಮೇಡಂ, ಸಹಿ ಬ್ಯಾಡೇನ್ರಿ?"

"ನಮ್ಮವರ ಅದಾರ, ಸುಮ್ನಿರು" ಎಂದು ಗದರಿದೆ. ಹುಬ್ಬಳ್ಳಿಯವಳು ನಾನು, ಗದರುವುದು ಬೇಗ.

ಆರನೇ ವಾರ ಸಹನಾ ಹುಸಿ ಫಿಶಿಂಗ್ ಪರೀಕ್ಷೆ ನಡೆಸಿದಳು. ಫಿಶಿಂಗ್ ಎಂದರೆ ನಂಬಿಸುವಂಥ ಮೇಲ್ ಕಳಿಸಿ ಪಾಸ್‌ವರ್ಡ್ ಕದಿಯುವುದು. ಇಲ್ಲಿ ಕದಿಯುವುದಿರಲಿಲ್ಲ, ಯಾರು ಮೋಸಹೋಗುತ್ತಾರೆ ಎಂದು ನೋಡುವುದಷ್ಟೇ. ಸಮಿತಿಯ ಒಂಬತ್ತು ಜನರಿಗೆ ಮೇಲ್ ಹೋಯಿತು: ಯುಗಾದಿ ಊಟಕ್ಕೆ ಸೀಟು ಕಡಿಮೆ ಇವೆ, ಈಗಲೇ ಲಾಗಿನ್ ಆಗಿ ಬುಕ್ ಮಾಡಿ.

ಅಂಕಲ್ ಅವರ ಹೆಂಡತಿಯೂ ಸಮಿತಿಯಲ್ಲಿದ್ದರು. ಹೋಳಿಗೆ ಊಟದ ಸುದ್ದಿಯನ್ನು ನಮ್ಮ ಆಂಟಿಯರು ತಮ್ಮಲ್ಲೇ ಇಟ್ಟುಕೊಂಡಾರೆಯೇ? ಅವರು ತಾವು ಲಿಂಕ್ ಒತ್ತುವ ಮುಂಚೆಯೇ ಆ ಮೇಲನ್ನು ಮಗಳಿಗೆ ದಾಟಿಸಿದರು: ಮಕ್ಕಳನ್ನು ಕರಕೊಂಡು ಬಾ, ಬೇಗ ಬುಕ್ ಮಾಡು. ರಶ್ಮಿ ಅದನ್ನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ತೆರೆದು ಆಫೀಸಿನದೇ ಐಡಿ, ಪಾಸ್‌ವರ್ಡ್ ಒತ್ತಿದಳು. ಅವಳ ಕಂಪನಿಯ ಭದ್ರತಾ ವ್ಯವಸ್ಥೆಯಲ್ಲಿ ಅಲಾರಂ ಹೊಡೆದುಕೊಂಡಿತು.

ಅಷ್ಟರಲ್ಲಿ ಸಹನಾಳ ಫೋನು. "ಮೇಡಂ, ಪಟ್ಟಿಯೊಳಗ ಇಲ್ಲದವರೊಬ್ರು ಲಾಗಿನ್ ಮಾಡ್ಯಾರ್ರೀ. ಆ ಮೆಲ್ಬರ್ನ್ ಕಂಪನೀದ ಐಡಿ. ಪೇಜ್ ಬಂದ್ ಮಾಡೀನಿ. ಪಾಸ್‌ವರ್ಡ್ ನಮ್ಮ ಹತ್ರ ಉಳಿಯೂದಿಲ್ಲ ಖರೆ, ಆದ್ರೂ ಅವರಿಗೆ ಈಗ ಹೇಳ್ಬೇಕು."

"ತಡಿಯವಾ, ಕೆಲಸಾನ ಹೋಗ್ತದ" ಎಂದೆ. ಹೌದು, ಹಾಗೆಂದೆ. ಈಗಲೂ ನಾಚಿಕೆಯಾಗುತ್ತದೆ.

"ಹೋದ್ರ ಹೋಗ್ಲಿ ಬಿಡ್ರಿ" ಎಂದವಳೇ ಹೆಲೆನ್‌ಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವರು ಕೇಳಿದ್ದು ಒಂದನ್ನೇ: ಲಿಖಿತ ಒಪ್ಪಿಗೆ ಕಳಿಸಿ. ಎಲ್ಲಿತ್ತು ಕಳಿಸಲು? ಮರುದಿನ ಮಂಡನೆ ರದ್ದಾಯಿತು.

ತಪ್ಪು ನನ್ನದು, ಶಿಕ್ಷೆ ಅವಳಿಗೆ. ನನ್ನ ಮೇಲೆ ನನಗೇ ಕೆಂಡದಂಥ ಸಿಟ್ಟು ಬಂತು. ಅಷ್ಟಕ್ಕೇ ಬಿಡುವ ಜಾಯಮಾನ ನನ್ನದಲ್ಲ. ಅರ್ಧ ಗಂಟೆ ಕೊಡಿ, ಎದುರಿಗೇ ಬಂದು ಹೇಳುತ್ತೇನೆ ಎಂದು ಹೆಲೆನ್‌ಗೆ ಬರೆದೆ. ಉತ್ತರ ಬರಲಿಲ್ಲ. ಮತ್ತೆ ಬರೆದೆ. ಮೂರನೇ ಸಲಕ್ಕೆ ಒಪ್ಪಿದರು. ಸಹನಾಳನ್ನು ಕರೆದುಕೊಂಡು ಮೆಲ್ಬರ್ನ್ ವಿಮಾನ ಹತ್ತಿದೆ.

ಸಹಿ ಬೇಡವೆಂದವಳು ನಾನು ಎಂದು ಹೆಲೆನ್ ಮುಂದೆ ಒಪ್ಪಿಕೊಂಡೆ. ಸಹನಾ ಎರಡು ಪುಟ ಮೇಜಿನ ಮೇಲಿಟ್ಟಳು. ಆ ದಿನ ಯಾವ ನಿಮಿಷಕ್ಕೆ ಏನಾಯಿತು ಎಂಬ ಟಿಪ್ಪಣಿ. ಮೊದಲ ಸಾಲು: "ಸಹಿಯಿಲ್ಲದೆ ಪರೀಕ್ಷೆ ಆರಂಭಿಸಿದ್ದು ನನ್ನ ತಪ್ಪು." ನನ್ನ ಗದರಿಕೆಯ ಸುದ್ದಿ ಅದರಲ್ಲಿ ಎಲ್ಲೂ ಇರಲಿಲ್ಲ.

ಹೆಲೆನ್ ಪೂರ್ತಿ ಓದಿ ಕೇಳಿದರು, "ಆ ಮೇಲ್ ಯಾರದೆಂದು ನಮ್ಮವರು ಹುಡುಕುವ ಮುಂಚೆಯೇ ಫೋನ್ ಮಾಡಿದಿರಿ. ಕೆಲಸ ಹೋಗುತ್ತದೆ ಅಂತ ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

ಹೆಲೆನ್ ಆ ಎರಡು ಪುಟಗಳನ್ನು ತಮ್ಮ ಫೈಲಿಗೆ ಸೇರಿಸಿದರು. "ಪರೀಕ್ಷೆ ಮತ್ತೆ ಮಾಡಿ. ಈ ಸಲ ಸಹಿಯೊಂದಿಗೆ. ಆಮೇಲೆ ವರದಿ ತನ್ನಿ."

ಮತ್ತೆ ಪೆಂಡಲ್ ಹಿಲ್. ಅಂಕಲ್ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದರು. "ನನ್ನಿಂದ ನನ್ನ ಮಗಳು ಆಫೀಸಲ್ಲಿ ತಲೆ ತಗ್ಗಿಸೋ ಹಾಗಾಯ್ತು ಕಣಮ್ಮಾ" ಎಂದು ಸಹಿ ಹಾಕಿದರು. ಎರಡನೇ ಪರೀಕ್ಷೆಯಲ್ಲಿ ಒಬ್ಬರೂ ಲಾಗಿನ್ ಆಗಲಿಲ್ಲ. ಆಂಟಿಯಂತೂ ನೇರ ಸಹನಾಳಿಗೇ ಫೋನ್ ಮಾಡಿ "ಏನೇ, ಇದೂ ನಿಂದೇನಾ?" ಎಂದರಂತೆ. ಹೆಲೆನ್ ಮುಂದೆ ವರದಿ ಮಂಡಿಸಿ, ವೀಸಾ ಮುಗಿಯಲು ಒಂದು ತಿಂಗಳಿರುವಾಗ ಸಹನಾ ಆ ಕಂಪನಿ ಸೇರಿದಳು.

ಈಗ ನಮ್ಮ ವಿದ್ಯಾರ್ಥಿಗಳ ಪ್ರಾಜೆಕ್ಟುಗಳನ್ನು ಕಂಪನಿಯ ಪರವಾಗಿ ನೋಡುವವಳು ಅವಳೇ. ಮೊನ್ನೆ ಹೊಸ ಬ್ಯಾಚಿನದೊಂದನ್ನು ಕಳಿಸಿದೆ. ರೌಸ್ ಹಿಲ್‌ನ ನಮ್ಮ ಪಕ್ಕದ ಮನೆಯವರು ನಡೆಸುವ ಕ್ಲಬ್ಬಿನದು ಅದು. ಐದೇ ನಿಮಿಷಕ್ಕೆ ಉತ್ತರ ಬಂತು: "ಮೇಡಂ, ಸಹಿ ಮಾಡಿದ ಕಾಗದ ಇಲ್ರಿ. ಅದು ಬಂದ ಮ್ಯಾಲ ಓದ್ತೀನಿ."

ನೆತ್ತಿಗೇರಿತು. ಅಲ್ಲ, ಇವಳಿಗೆ ನಾನು ಯಾರೆಂದು ಗೊತ್ತಿಲ್ಲವೇ? ನನ್ನ ಮಾತು ಸಾಲದೇ? ಮರುಕ್ಷಣ ಅಂಕಲ್ ಮನೆಯ ಆ ಕಾಫಿ ನೆನಪಾಗಿ ನಗು ಬಂತು. ನಮ್ಮವರು ಎನ್ನುವ ಕಡೆಯೇ ಸಹಿ ಮೊದಲು ಬೇಕು, ಎಡವಟ್ಟಾದ ದಿನ ಅದು ಕಾಪಾಡುವುದು ನಮ್ಮವರನ್ನೇ. ಇಷ್ಟು ವರ್ಷ ನಾನು ಮೇಜು ಕುಟ್ಟಿ ಕಲಿಸಿದ್ದನ್ನು ಕಲಿತವಳು ಅವಳು. ಕಾಗದ ಪ್ರಿಂಟ್ ಹಾಕಿ, ಚಪ್ಪಲಿ ಮೆಟ್ಟಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದೆ. "ಬನ್ನಿ ಬನ್ನಿ, ಕಾಫಿ?" ಎಂದರು.

"ಮೊದಲು ಸಹಿ" ಎಂದೆ.