ಇಸ್ತ್ರಿ ಚಿಕ್ಕಮ್ಮನ ಕಾಲು

ಡಾಕ್ಟರು ಕಾಲಿನ ಮೂಳೆಗೆ ಸೂಜಿ ತೂರಿಸಿ ಒಳಗಿನ ಗಂಟನ್ನು ಸುಟ್ಟಮೇಲೆ ಇಸ್ತ್ರಿ ಅಂಗಡಿಯ ಚಿಕ್ಕಮ್ಮನನ್ನು ಹಿಡಿಯುವವರೇ ಇಲ್ಲ. ಬಟ್ಟೆ ತಂದವರ ಮುಂದೆ ಕಾಲನ್ನು ಮೇಜಿನ ಮೇಲೇ ಇಡುತ್ತಾಳೆ. "ಎಲ್ಲಿ ಚುಚ್ಚಿದ್ದು, ಹುಡುಕಿ ನೋಡೋಣ! ಕ್ಯಾನ್ಸರ್ ಗಿನ್ಸರ್ ಏನಲ್ಲ, ಕಡಲೆಕಾಳಷ್ಟು ಗಂಟು. ಕುಯ್ಯಲಿಲ್ಲ, ಹೊಲೀಲಿಲ್ಲ, ಮಾರನೇ ದಿನ ನಡ್ಕೊಂಡೇ ಬಂದೆ!" ಸೊಳ್ಳೆ ಕಚ್ಚಿದ ಕಲೆಗೆ ಯಾರಾದರೂ ಬೆರಳಿಟ್ಟರೂ "ಅದೇ, ಅದೇ!" ಎಂದು ಕುಣಿಯುತ್ತಾಳೆ. ಈ ಸಂಭ್ರಮದಲ್ಲಿ ಪೊಲೀಸಪ್ಪನ ಷರಟೊಂದು ಸುಟ್ಟುಹೋಯಿತು. ಅವನಿಗೂ ಕಾಲು ತೋರಿಸಿಯೇ ಕಳಿಸಿದಳು. "ಸಾಕಮ್ಮ, ಊರೆಲ್ಲ ನೋಡಾಯ್ತು" ಎಂದು ಮಗಳು ಗದರಿದಾಗ ಮಾತ್ರ ಕಾಲು ಮೆಲ್ಲಗೆ ಕೆಳಗಿಳಿಯಿತು. "ನೋಡಿದ್ದೇನೋ ಹೌದು ಕಣೇ. ಈ ಕಾಲನ್ನ ತೊಡೆಮೇಲಿಟ್ಕೊಂಡು ಬೆಳಗಾಗೋವರೆಗೂ ಒತ್ತುತಿದ್ದ ನಿಮ್ಮಪ್ಪನಿಗೆ ತೋರಿಸೋಕಾಗಲಿಲ್ಲ. ಸೂಜಿ ಚುಚ್ಚೋ ಮೊದಲೇ ತೀರ್ಕೊಂಡ್ರಲ್ಲ."